ಅರ್ಧ ಗುಂಟೆಯ ವಸಂತ

'ಕೊನೆಯ ಹಿಮ ಬಿದ್ದು ಎರಡು ವಾರ ಕಳೆದ ಮೇಲೆ ಬಿತ್ತಿರಿ' ಎಂದು ಬೀಜದ ಪೊಟ್ಟಣದ ಹಿಂದೆ ಅಚ್ಚಾಗಿತ್ತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. ಬೆಂಗಳೂರಿನ ಮಗ ಯುಗಾದಿಗೆ ಬರುವಾಗ ತಂದ ಪೊಟ್ಟಣ ಅದು. ಮೇಲೆ ಸೌತೆಕಾಯಿಯಂತೆ ಕಂಡರೂ ಸೌತೆಯಲ್ಲದ ಜುಕಿನಿಯ ಚಿತ್ರ. ಹಿರೀಸಾವೆಯಲ್ಲಿ ಹಿಮ ಸಿಗುವುದು ಐಸ್‌ಕ್ಯಾಂಡಿ ಡಬ್ಬಿಯಲ್ಲಿ ಮಾತ್ರ, ಅದೂ ಮಧ್ಯಾಹ್ನ ಮೂರರೊಳಗೆ ಕರಗಿರುತ್ತದೆ.

"ಅದೇನ್ಲಾ ಬೆಳಗಿಂದ ಅದ್ನೇ ಓದ್ತಿದ್ದೀಯಾ?" ಎಂದರು ಜಗಲಿಯ ಮೇಲೆ ಕೂತಿದ್ದ ಅವ್ವ.

"ಹಿಮ ಬಿದ್ದ್ ಮೇಲೆ ಹಾಕ್ಬೇಕಂತೆ ಕಣವ್ವ."

"ಅಂಗಾದ್ರೆ ಹಿಮಾಲಯಕ್ಕೆ ತಕ್ಕೊಂಡೋಗು. ನಮಗೆ ಭರಣಿ ಬಿದ್ರೆ ಸಾಕು."

ಈ ಮೇಷ್ಟ್ರಿಗೆ ಹೆಸರು ಬೇಡ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಬೆಳ್ಳೂರು ಕ್ರಾಸ್ ದಾಟಿ ಚನ್ನರಾಯಪಟ್ಟಣ ಸೇರುವಷ್ಟರಲ್ಲಿ, ನಿವೃತ್ತರಾದ ವರ್ಷವೇ ಗುದ್ದಲಿ ಹಿಡಿದು ಹಿತ್ತಲಿಗಿಳಿದವರು ಊರಿಗೊಬ್ಬರಾದರೂ ಸಿಗುತ್ತಾರೆ. ಅವರೆಲ್ಲರ ಗುಣ–ದೋಷ ಕೂಡಿಸಿ ಒಬ್ಬರ ಮೇಲೆ ಹೊರಿಸಿದರೆ ಈ ಮೇಷ್ಟ್ರು ಆಗುತ್ತಾರೆ. ಕಲಿಸಿದ್ದು ಗಣಿತ. ಹೀಗಾಗಿ ಮಣ್ಣು ಮುಟ್ಟುವ ಮೊದಲು ಕಾಗದ ಮುಟ್ಟಿದರು.

ಹಿತ್ತಲಲ್ಲಿ ಬಚ್ಚಲಿನ ಮೋರಿ, ಅದರ ನೀರು ಕುಡಿದು ಕೊಬ್ಬಿದ ಬಾಳೆ, ಕರಿಬೇವು, ನಾಲ್ಕು ತೆಂಗು, ಒಂದು ನುಗ್ಗೆ ಬಿಟ್ಟು ಉಳಿದದ್ದು ಮೂವತ್ತಮೂರು ಅಡಿ ಉದ್ದ, ಹದಿನಾರೂವರೆ ಅಡಿ ಅಗಲ. ಅಂದರೆ ಸರಿಯಾಗಿ ಅರ್ಧ ಗುಂಟೆ. ಕಡಿಮೆಯಾಯಿತಲ್ಲ ಎಂದು ಮನೆಯವರು ರಾಗ ಎಳೆದಾಗ ಮೇಷ್ಟ್ರು ಶ್ವೇತಭವನದ ಉದಾಹರಣೆ ಕೊಟ್ಟರು. 2009ರ ಮಾರ್ಚ್ 20ರಂದು ಮಿಶೆಲ್ ಒಬಾಮ ಶಾಲಾ ಮಕ್ಕಳನ್ನು ಕರೆದುಕೊಂಡು ಹುಲ್ಲುಹಾಸು ಅಗೆದು ತರಕಾರಿ ತೋಟ ಶುರುಮಾಡಿದರಲ್ಲ, ಅದರ ವಿಸ್ತೀರ್ಣ 1,100 ಚದರಡಿ. ಒಂದು ಗುಂಟೆಗೆ 1,089 ಚದರಡಿ. ಅಮೆರಿಕದ ಅಧ್ಯಕ್ಷರ ಮನೆಯಲ್ಲೇ ಒಂದು ಗುಂಟೆಯಿಂದ ಶುರುವಾಗಿದ್ದರೆ ಹಿರೀಸಾವೆಗೆ ಅರ್ಧ ಗುಂಟೆ ಅಗೌರವವೇನಲ್ಲ. ಆ ತೋಟ ಆಮೇಲೆ ದೊಡ್ಡದಾಯಿತು ಎಂಬ ಭಾಗವನ್ನು ಅವರು ಹೇಳಲಿಲ್ಲ.

ಮುಂದಿನ ಲೆಕ್ಕ ಬೇಲಿಯದು. ಸುತ್ತಳತೆ ತೊಂಬತ್ತೊಂಬತ್ತು ಅಡಿ, ಹತ್ತಿರ ಹತ್ತಿರ ಮೂವತ್ತು ಮೀಟರ್. ಒಂದು ಸೀರೆ ಐದೂವರೆ ಮೀಟರ್. ಭಾಗಿಸಿದರೆ ಆರು ಸೀರೆ. ಹಂದಿ–ನವಿಲಿನ ಕಾಟಕ್ಕೆ ಹೊಲದ ಸುತ್ತ ಹಳೇ ಸೀರೆ ಕಟ್ಟುವುದು ಈ ಕಡೆ ಹೊಸದಲ್ಲ. ಗಾಳಿಗೆ ಬಣ್ಣಬಣ್ಣದ ಸೆರಗು ಹಾರುತ್ತಿದ್ದರೆ ದೂರದಿಂದ ಯಾವುದೋ ದಿಬ್ಬಣ ನಿಂತಂತೆ ಕಾಣುತ್ತದೆ. ಆದರೆ ಲೆಕ್ಕದಲ್ಲಿ ಬರುವ 'ಹಳೇ ಸೀರೆ' ಬೇರೆ, ಬೀರುವಿನಲ್ಲಿರುವ ಹಳೇ ಸೀರೆ ಬೇರೆ. ಮೇಷ್ಟ್ರು ಹಳೆಯದೆಂದು ಎಳೆದ ಪ್ರತಿಯೊಂದಕ್ಕೂ ಒಂದೊಂದು ಚರಿತ್ರೆ: ಇದು ತಮ್ಮನ ಮದುವೆಯದು, ಇದು ಗೃಹಪ್ರವೇಶದ್ದು, ಇದು ನೀವು ಕೊಡಿಸಿದ್ದು. ಕೊನೆಯದಕ್ಕೆ ಒಪ್ಪಿಗೆ ಬೇಗ ಸಿಕ್ಕಿತು. ಉಳಿದ ಐದನ್ನು ಅವ್ವನ ಪೆಟ್ಟಿಗೆಯಿಂದ ತೆಗೆದರು.

ಅವ್ವನ ಭರಣಿಯ ಮಾತಿಗೆ ಬರೋಣ. ಮಳೆ ನಕ್ಷತ್ರ ಎಂದರೆ ಸೂರ್ಯನ ಪ್ರಯಾಣದ ಲೆಕ್ಕ. ಒಂದೊಂದು ನಕ್ಷತ್ರದಲ್ಲಿ ಅವನು 13–14 ದಿನ ತಂಗುತ್ತಾನೆ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, 27ರ ಸುಮಾರಿಗೆ ಭರಣಿ, ಮೇ 11ರ ಹೊತ್ತಿಗೆ ಕೃತ್ತಿಕೆ, ಅಲ್ಲಿಂದ ರೋಹಿಣಿ, ಮೃಗಶಿರ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆಗೆ ಕಾರಣವೂ ಸರಳ. ಬೇಸಗೆಯಲ್ಲಿ ಕಾದ ನೆಲಕ್ಕೆ ಅದು ಮೊದಲ ಹದ. ನೈರುತ್ಯ ಮಾರುತ ಬರುವುದಕ್ಕೆ ಇನ್ನೂ ಒಂದು ತಿಂಗಳು ಇರುವಾಗಲೇ ಗಿಡ ಬೇರು ಬಿಡಲು ಸಮಯ ಸಿಗುತ್ತದೆ. ಪಾಶ್ಚಾತ್ಯರು ಹಿಮ ಯಾವಾಗ ನಿಲ್ಲುತ್ತದೆ ಎಂದು ನೋಡುತ್ತಾರೆ, ನಾವು ಮಳೆ ಯಾವಾಗ ಶುರುವಾಗುತ್ತದೆ ಎಂದು ನೋಡುತ್ತೇವೆ. ಎರಡೂ ಕಡೆ ನೋಡುವುದು ಆಕಾಶವನ್ನೇ.

ಭರಣಿಗೆ ನಾಟಿ ಮಾಡಬೇಕಾದರೆ ಸಸಿ ಮೊದಲೇ ತಯಾರಿರಬೇಕು. ಟೊಮೆಟೊ ಸಸಿಗೆ 25–30 ದಿನ, ಮೆಣಸಿನಕಾಯಿಗೆ 35–40 ದಿನ ಬೇಕು. ಯುಗಾದಿ 2025ರಲ್ಲಿ ಮಾರ್ಚ್ 30ಕ್ಕೆ ಬಿತ್ತು, 2026ರಲ್ಲಿ ಮಾರ್ಚ್ 19ಕ್ಕೆ. ಹಬ್ಬದ ದಿನ ಒಟ್ಲು ಹಾಕಿದರೆ ಒಂದು ವರ್ಷ ಟೊಮೆಟೊಗೆ ಹೊಂದುತ್ತದೆ, ಇನ್ನೊಂದು ವರ್ಷ ಮೆಣಸಿನಕಾಯಿಗೆ. ಹೊಲದವರು ಯುಗಾದಿಗೆ ಎತ್ತಿನ ಕೊಂಬಿಗೆ ಎಣ್ಣೆ ಸವರಿ ವರ್ಷದ ಮೊದಲ ಉಳುಮೆಗೆ ಹೊನ್ನಾರು ಕಟ್ಟುತ್ತಾರೆ. ಮೇಷ್ಟ್ರು ಅಂದೇ ಒಡೆದ ಬಕೆಟ್ಟಿಗೆ ಮಣ್ಣು ತುಂಬಿ ಮೆಣಸಿನ ಬೀಜ ಉದುರಿಸಿ, ಗುದ್ದಲಿಗೆ ಅರಿಶಿನ ಕುಂಕುಮ ಇಟ್ಟು, ಅರ್ಧ ಗುಂಟೆಯ ಹೊನ್ನಾರು ಮುಗಿಸಿದರು.

ಅಗೆಯುವ ಪ್ರಕರಣ ಹೇಳಿದಷ್ಟು ಸುಲಭವಾಗಿ ಮುಗಿಯಲಿಲ್ಲ. ಮಾರ್ಚ್ ಕೊನೆಯ ಕೆಂಪು ಮಣ್ಣು ಕಾದ ಹೆಂಚಿನ ತರ. ಮೊದಲ ಏಟಿಗೆ ಗುದ್ದಲಿ ಚಿಮ್ಮಿ ಹಿಂದಕ್ಕೆ ಬಂತು, ಎರಡನೆಯದಕ್ಕೆ ಕಾವು ಸಡಿಲವಾಯಿತು, ಮೂರನೆಯದಕ್ಕೆ ಮೇಷ್ಟ್ರ ಸೊಂಟ. ಹಟಕ್ಕೆ ಬಿದ್ದು ಪೈಪು ಹಿಡಿದು ನೀರು ಕಟ್ಟಿ ಅರ್ಧ ಗಂಟೆಗೇ ಅಗೆದರೆ ಮಣ್ಣು ಗುದ್ದಲಿಗೆ ಮುದ್ದೆಯಂತೆ ಅಂಟಿಕೊಂಡಿತು. ಆಗ ಅವ್ವ ಕೋಲೂರಿಕೊಂಡು ಎದ್ದು ಬಂದರು. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ, ಉಂಡೆ ಮಾಡಿ, ಸೊಂಟದೆತ್ತರದಿಂದ ಕೈಬಿಟ್ಟರು. ಉಂಡೆ ತಟ್ಟನೆ ಚಪ್ಪಟೆಯಾಗಿ ಕೂತಿತು. "ಇನ್ನೆಲ್ಡ್ ದಿನ ಬುಡು" ಎಂದರು. ಎರಡು ದಿನ ಬಿಟ್ಟು ಅದೇ ಪರೀಕ್ಷೆ. ಈ ಸಲ ಉಂಡೆ ನೆಲಕ್ಕೆ ಬಿದ್ದು ಪುಡಿಯಾಯಿತು. ಅದೇ ಹದ. ಇದಕ್ಕೆ ಉಪಕರಣವಿಲ್ಲ, ಇದ್ದರೂ ಕೈಗಿಂತ ಅಗ್ಗವಲ್ಲ.

ಮಣ್ಣು ಪರೀಕ್ಷೆ ಮಾಡಿಸಬಾರದೆಂದಲ್ಲ. ಹಾಸನದ ಹತ್ತಿರ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ. ಮಾದರಿ ತೆಗೆಯುವ ಕ್ರಮವೂ ಉಂಟು: ನಾಲ್ಕಾರು ಕಡೆ ಇಂಗ್ಲಿಷಿನ 'ವಿ' ಆಕಾರದಲ್ಲಿ ಅರ್ಧ ಅಡಿ ಗುಂಡಿ ತೋಡಿ, ಅಂಚಿನ ಮಣ್ಣು ಕೆರೆದು, ಎಲ್ಲ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಕಿ, ಅರ್ಧ ಕೆ.ಜಿ. ಉಳಿಯುವ ತನಕ ಇದನ್ನೇ ಮಾಡುತ್ತಿರಬೇಕು. ಮೇಷ್ಟ್ರಿಗೆ ಈ ಭಾಗಾಕಾರ ಎಷ್ಟು ಹಿಡಿಸಿತೆಂದರೆ ಕೊನೆಗೆ ಉಳಿದದ್ದು ಕಾಲು ಕೆ.ಜಿ. ಮತ್ತೆ ಮೊದಲಿಂದ ತೋಡಿದರು. ಹಿತ್ತಲು ಅರ್ಧ ಅಗೆದದ್ದು ಹೀಗೆ.

ಗೊಬ್ಬರಕ್ಕೆ ಪಕ್ಕದ ಮನೆಯ ತಿಪ್ಪೆ. ಇಲ್ಲಿ ಅವ್ವ ಹಟ ಹಿಡಿದರು: ಬಿಸಿ ಆರದ ಗೊಬ್ಬರ ಬೇಡ, ಮುಟ್ಟಿದರೆ ಪುಡಿಯಾಗುವ ಹಳೇದೇ ಬೇಕು. ಸರಿಯಾದ ಮಾತು. ಹಸಿ ಗೊಬ್ಬರ ಕೊಳೆಯುವಾಗಿನ ಕಾವಿಗೆ ಎಳೇ ಬೇರು ಸುಡುತ್ತದೆ, ಕಳೆ ಬೀಜ ಪುಕ್ಕಟೆಯಾಗಿ ಬರುತ್ತದೆ. ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿಹುಳುಗಳು ಬೆಳೆಯುವುದೂ ಗೊಬ್ಬರದ ಗುಂಡಿಯಲ್ಲೇ. ಬುಟ್ಟಿಯಲ್ಲಿ ಹೆಬ್ಬೆರಳು ಗಾತ್ರದ ಬಿಳಿ ಹುಳು ಮೂರು ಸಿಕ್ಕವು. ಮೇಷ್ಟ್ರು ಫೋಟೊ ತೆಗೆಯುವಷ್ಟರಲ್ಲಿ ಕೋಳಿ ನುಂಗಿ ಮುಗಿಸಿತ್ತು.

ಮಗ ಕೈಕಟ್ಟಿ ಕೂತಿರಲಿಲ್ಲ. ಕುಂಡಗಳಿಗೆಂದು ಐದು ಕೆ.ಜಿ.ಯ ಕೋಕೋಪೀಟ್ ಇಟ್ಟಿಗೆಯನ್ನು ಆನ್‌ಲೈನ್‌ನಲ್ಲಿ ತರಿಸಿದ. ಕೊರಿಯರ್ ಹುಡುಗ ತೆಂಗಿನ ತೋಟಗಳ ನಡುವೆ ವಿಳಾಸ ಹುಡುಕಿಕೊಂಡು ಬಂದು, ತೆಂಗಿನ ಮರಕ್ಕೆ ಬೈಕು ಒರಗಿಸಿ, ತೆಂಗಿನ ನಾರಿನ ಪುಡಿಯನ್ನು ಕೊಟ್ಟು ಹೋದ. ಪೊಟ್ಟಣದ ಮೇಲೆ ತಮಿಳುನಾಡಿನ ಪೊಳ್ಳಾಚಿ ಎಂದಿತ್ತು. ಈ ಸೀಮೆಯಲ್ಲಿ ಕಾಯಿ ಸುಲಿದ ಸಿಪ್ಪೆ ಮನೆಯ ಹಿಂದೆ ಗುಡ್ಡೆ ಬಿದ್ದಿರುತ್ತದೆ, ನಾರು ತೆಗೆಯುವಲ್ಲಿ ಪುಡಿ ರಾಶಿ ಬಿದ್ದಿರುತ್ತದೆ. ಅವ್ವ ಇಟ್ಟಿಗೆಯನ್ನು ಮೂಸಿ ನೋಡಿ, "ಇದುಕ್ಕೂ ದುಡ್ಡಾ?" ಎಂದು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಪೊಳ್ಳಾಚಿಯ ಹೆಸರು ತೆಂಗು ಬೆಳೆಯುವವರಿಗೆ ಇನ್ನೊಂದು ಕಾರಣಕ್ಕೂ ನೆನಪಿರುತ್ತದೆ. ತೆಂಗಿನ ಸುರುಳಿ ಬಿಳಿನೊಣ ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ ಅಲ್ಲೇ. ಆ ನೊಣ ಗರಿಯ ಅಡಿಯಲ್ಲಿ ಕೂತು ರಸ ಹೀರಿ ಅಂಟು ಸುರಿಸುತ್ತದೆ, ಅಂಟಿನ ಮೇಲೆ ಕಪ್ಪು ಬೂಷ್ಟು ಹತ್ತುತ್ತದೆ. ಮರದ ಕೆಳಗೆ ಬೆಳೆದ ಬದನೆ ಎಲೆ ಮಸಿ ಒರೆಸಿದಂತೆ ಕಂಡರೆ ಬದನೆಯದೇನೂ ತಪ್ಪಿಲ್ಲ, ತಲೆ ಎತ್ತಿ ನೋಡಬೇಕು. ಎತ್ತಿದಾಗ ಒಣಗಿದ ಗರಿ ಬೀಳದಂತೆಯೂ ನೋಡಿಕೊಳ್ಳಬೇಕು.

ಯಾವ ತರಕಾರಿ ಎಂಬ ಚರ್ಚೆಯಲ್ಲಿ ಸ್ವದೇಶಿ–ವಿದೇಶಿ ಮಾತು ಬಂತು. ಅವ್ವನಿಗೆ ಜುಕಿನಿ 'ಜುಕ್ಕಿಣಿ' ಆಗಿತ್ತು. ಪರದೇಶದ ಬೀಜ ಹಿತ್ತಲಿಗೆ ಬೇಡವೆಂದರು. ಮೇಷ್ಟ್ರು ಬೆರಳು ಮಡಚಿ ಎಣಿಸಿದರು: ಮೆಣಸಿನಕಾಯಿ, ಟೊಮೆಟೊ, ಸಿಹಿಗುಂಬಳ, ಬೀನ್ಸು, ಆಲೂಗಡ್ಡೆ, ಐದೂ ಅಮೆರಿಕ ಖಂಡಗಳಿಂದ ಬಂದವು. ಹಾಸನದ ಆಲೂಗಡ್ಡೆಯ ಬಿತ್ತನೆ ಗಡ್ಡೆಯಂತೂ ಈಗಲೂ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಬರುತ್ತದೆ. ಮುದ್ದೆಯ ರಾಗಿಯ ತವರೂ ಪೂರ್ವ ಆಫ್ರಿಕಾ. ಇಲ್ಲಿ ಅವ್ವ ಕೈ ಅಡ್ಡ ಹಿಡಿದರು. ಮೆಣಸಿನಕಾಯಿ ಎಲ್ಲಿಂದಾದರೂ ಬಂದಿರಲಿ, ರಾಗಿಯ ತಂಟೆಗೆ ಬರಬಾರದು.

ಕೊನೆಗೆ ರಾಜಿಯಾಯಿತು. ಬೆಂಡೆಗೆ ಅರ್ಕಾ ಅನಾಮಿಕಾ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕಾಡುಬೆಂಡೆಯ ಜತೆ ಕೂಡಿಸಿ ತೆಗೆದ ತಳಿ, ಎಲೆ ಹಳದಿಯಾಗುವ ನಂಜಾಣು ರೋಗ ತಡೆಯಲೆಂದೇ ಮಾಡಿದ್ದು. ಬೀಜವನ್ನು ರಾತ್ರಿ ನೆನೆಸಿಟ್ಟು ಒಂದಡಿಗೆ ಒಂದರಂತೆ ಊರುವುದು. ಹೀರೆಗೆ ಅವ್ವ ಗೋಡೆಗೆ ಸಗಣಿಯಲ್ಲಿ ಮೆತ್ತಿಟ್ಟಿದ್ದ ಬೀಜ. ದಂಟಿಗೆ ಸಂತೆಯ ಪೊಟ್ಟಣ. ಬಸಳೆ ಕಡ್ಡಿ ಮಾತ್ರ ಕತ್ತಲಾದ ಮೇಲೆ ಆಚೆಮನೆ ಬೇಲಿಯಿಂದ ಮುರಿದು ತಂದರು. ಕದ್ದು ತಂದದ್ದು ಚೆನ್ನಾಗಿ ಹತ್ತುತ್ತದೆಂಬ ನಂಬಿಕೆಗೆ ಆಧಾರ ಸಿಕ್ಕಿಲ್ಲ, ಆದರೆ ಮೂವತ್ತೈದು ವರ್ಷ ಮಕ್ಕಳಿಗೆ ನೀತಿ ಹೇಳಿದವರು ಬೇಲಿ ಸಂದಿಯಲ್ಲಿ ಬಗ್ಗಿದ್ದನ್ನು ಆಚೆಮನೆಯಾಕೆ ಕಿಟಕಿಯಿಂದ ನೋಡಿದರು. "ಮೇಷ್ಟ್ರೇ, ಬುಡದ್ ಕಡ್ಡಿ ಮುರ್ಕೊಳಿ, ಅದೇ ಬೇಗ ಹತ್ತೋದು" ಎಂದರು.

ಏಪ್ರಿಲ್ 26ರ ಸಂಜೆ ಮೆಣಸಿನ ಸಸಿಗಳ ನಾಟಿ. ದಾರ ಕಟ್ಟಿ, ಸಾಲು ಹಿಡಿದು, ಒಂದೂವರೆ ಅಡಿಗೊಂದರಂತೆ ನಲವತ್ತು ಸಸಿ. ಆರು ಸೀರೆಗಳು ಗಾಳಿಗೆ ಹಾರುತ್ತಿದ್ದವು. ಇಡೀ ಬೀದಿ ಬಂದು ನೋಡಿ ಹೋಯಿತು.

ಮರುದಿನ ಭರಣಿ ಬಂತು. ಬರೀ ನೀರಾಗಿ ಬರಲಿಲ್ಲ. ನಾಲ್ಕು ಗಂಟೆಗೆ ಮೋಡ ಕವಿದು, ಮೊದಲು ಹೆಂಚಿನ ಮೇಲೆ ಯಾರೋ ಕಲ್ಲೆಸೆದಂತೆ ಟಣ್ ಎಂದಿತು, ಆಮೇಲೆ ಹತ್ತು ನಿಮಿಷ ಬೇರೆ ಏನೂ ಕೇಳಿಸಲಿಲ್ಲ. ಅಡಿಕೆ ಗಾತ್ರದ ಆಲಿಕಲ್ಲು. ಮಕ್ಕಳು ಲೋಟ ಹಿಡಿದು ಓಡಿದರು. ಮೇಷ್ಟ್ರು ಬಾಗಿಲಲ್ಲಿ ನಿಂತು ಸಾಲು ಎಣಿಸಿದರು. ನಲವತ್ತರಲ್ಲಿ ನಿಂತಿದ್ದವು ಆರು. ಮೇಷ್ಟ್ರು ಕೊಡಿಸಿದ್ದ ಸೀರೆ ತೂತು ತೂತಾಗಿ ನುಗ್ಗೆ ಕೊಂಬೆ ಸೇರಿತ್ತು. ಬೆಂಡೆ, ಹೀರೆ ಬೀಜಗಳು ಮಣ್ಣೊಳಗೆ ಬೆಚ್ಚಗೆ ಉಳಿದವು.

ಹಿತ್ತಲು ಬೆಳ್ಳಗೆ ಮಿನುಗುತ್ತಿದ್ದಾಗ ಅವ್ವ ಹೇಳಿದರು, "ನೋಡ್ಲಾ, ನಿನ್ ಹಿಮ ಬಿತ್ತು. ಆ ಜುಕ್ಕಿಣಿಗೆ ಇವತ್ನಿಂದ ಎಲ್ಡ್ ವಾರ ಎಣಿಸ್ಕೊ."

ಹತ್ತೇ ದಿನಕ್ಕೆ ಪಾತಿ ತುಂಬ ಹಸಿರು. ದಂಟು ಹುಟ್ಟಿತೆಂದು ಮೇಷ್ಟ್ರು ಹಿಗ್ಗಿದರು. ಬಗ್ಗಿ ನೋಡಿದರೆ ಅಣ್ಣೆಸೊಪ್ಪು, ಗೋಣಿಸೊಪ್ಪು, ಮೋರಿ ಬದಿಗೆ ಹೊನಗೊನ್ನೆ. ಕಳೆ ಎಂದು ಕಿತ್ತು ಗುಡ್ಡೆ ಹಾಕಿದರು. ಮನೆಯವರು ಆ ಗುಡ್ಡೆಯನ್ನೇ ಮೊರಕ್ಕೆ ತುಂಬಿಕೊಂಡು ಒಳಗೆ ಹೋದರು. ಸಸ್ಯಶಾಸ್ತ್ರದಲ್ಲಿ ಅಣ್ಣೆ, ಹೊನಗೊನ್ನೆ, ದಂಟು ಮೂರೂ ಒಂದೇ ಕುಟುಂಬದವು. ಬಿತ್ತಿದ್ದು ಬರದಿದ್ದರೂ ನೆಂಟರು ಬಂದಿದ್ದರು. ಅಂದು ರಾತ್ರಿ ಬೆರಕೆ ಸೊಪ್ಪಿನ ಬಸ್ಸಾರು, ಮುದ್ದೆ. ಮೇಷ್ಟ್ರು ಎರಡನೇ ಮುದ್ದೆ ಹಾಕಿಸಿಕೊಂಡರೇ ಹೊರತು ತೋಟದ ಮಾತೆತ್ತಲಿಲ್ಲ.

ಮೇ 11ಕ್ಕೆ ಎರಡು ವಾರ ತುಂಬಿತು. ಅಂದೇ ಕೃತ್ತಿಕೆ. ಪೊಟ್ಟಣ ಹರಿದರೆ ಒಳಗಿದ್ದದ್ದು ಹತ್ತು ಬೀಜ, ಹುಟ್ಟಿದ್ದು ಆರು, ನವಿಲು ಬಿಟ್ಟದ್ದು ಎರಡು. ಮೊದಲು ಬಂದದ್ದೆಲ್ಲ ಗಂಡು ಹೂವು. ಕುಂಬಳದ ಜಾತಿಯಲ್ಲಿ ಅದೇ ಕ್ರಮ, ಕಾಯಿ ಹಿಡಿಯುವ ಹೆಣ್ಣು ಹೂವು ಸಾಮಾನ್ಯವಾಗಿ ಆಮೇಲೆಯೇ. ಜೂನ್ ಕೊನೆಗೆ ಒಂದು ಕಾಯಿ ಸಿಕ್ಕಿತು. ಅವ್ವ ಅದನ್ನು ಹುಳಿಗೆ ಹಾಕಿಸಿ, ಬಾಯಿಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಹೀರೇಕಾಯಿಗೆ ಉಪ್ಪು ಹಾಕೋದ್ ಮರ್ತಂಗದೆ."