ಅಕ್ಕನ ಮುಂಬಯಿ ಪರಿವೀಕ್ಷಣೆ

ಮುಂಬಯಿಯ ಅಂಚಿನಲ್ಲಿ ಸಂಸಾರ ಹೂಡಿದ ಕನ್ನಡಿಗನು ಮುಂಬಯಿಯನ್ನು ಕಣ್ತೆರೆದು ಕಾಣುವುದು ಊರಿನಿಂದ ನೆಂಟರು ಬಂದಾಗ ಮಾತ್ರ ಎಂಬುದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿರುವ ನಮ್ಮವರೆಲ್ಲರೂ ಒಳಗೊಳಗೇ ಬಲ್ಲ, ಆದರೆ ಊರಿಗೆ ಹೋದಾಗ ಯಾರೂ ಬಾಯಿಬಿಟ್ಟು ಆಡದ ಸತ್ಯವಾಗಿದೆ. ಮದುವೆ ಮುಂಜಿಗಳಲ್ಲಿ ಕೇಳಿದವರಿಗೆ "ನಾವು ಮುಂಬಯಿಯವರು" ಎಂದು ಎದೆಯುಬ್ಬಿಸಿ ಉತ್ತರಿಸುವ ನಾವು ಆ ಮಹಾನಗರದ ವಿಷಯದಲ್ಲಿ ಸಂಪಾದಿಸಿರುವ ಪಾಂಡಿತ್ಯವಾದರೋ, ಯಾವ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮು ಯಾವ ಪಾರ್ಶ್ವಕ್ಕೆ ಬರುತ್ತದೆ, ಇಳಿಯತಕ್ಕವನು ಎಷ್ಟು ನಿಲ್ದಾಣ ಮೊದಲೇ ಬಾಗಿಲಿನ ಕಡೆಗೆ ಸರಿದಿರಬೇಕು, ಮೂವರು ಕುಳಿತ ಆಸನದ ತುದಿಯಲ್ಲಿ ನಾಲ್ಕನೆಯವನಾಗಿ ಅರ್ಧ ಶರೀರವನ್ನು ನೆಲೆಗೊಳಿಸುವುದು ಹೇಗೆ ಎಂಬಿವೇ ಮೊದಲಾದ ಸೂಕ್ಷ್ಮಗಳಲ್ಲಿ ಆರಂಭವಾಗಿ ಅಲ್ಲಿಯೇ ಪರಿಸಮಾಪ್ತವಾಗುತ್ತದೆ.

ನಾನು ವಾಸಿಸುವ ಮುಂಬ್ರಾದ ಸ್ಥಿತಿ ಇನ್ನೂ ವಿಚಿತ್ರ. ಒಂದು ಕಡೆ ಪಾರಸಿಕ ಬೆಟ್ಟ, ಬೆಟ್ಟದ ಮೇಲೆ ಮುಂಬ್ರಾದೇವಿ, ಇನ್ನೊಂದು ಕಡೆ ಖಾಡಿ. ನಡುವೆ ಉಳಿದ ಜಾಗವನ್ನು ರೈಲುಹಳಿಗಳೂ ಕಟ್ಟಡಗಳೂ ಹಂಚಿಕೊಂಡು, ಮಿಕ್ಕುದನ್ನು ನಮಗೆ ನಡೆದಾಡಲು ಬಿಟ್ಟಿವೆ. ಧಾರವಾಡದಿಂದ ಬರುವ ರೈಲು ಕಲ್ಯಾಣವನ್ನು ದಾಟಿ, 1916ರಲ್ಲಿ ತೆರೆದ, ಒಂದು ಕಿಲೋಮೀಟರಿಗೂ ಮಿಕ್ಕಿ ಉದ್ದವಾದ ಸುರಂಗದ ಮೂಲಕ ಇದೇ ಬೆಟ್ಟದ ಉದರವನ್ನು ಹೊಕ್ಕು ಠಾಣೆಯ ಕಡೆಗೆ ಧಾವಿಸುವುದರಿಂದ, ನಮ್ಮ ಮನೆಗೆ ಬರುವ ಅತಿಥಿಗಳು ಮೊದಲು ನಮ್ಮನ್ನು ದಾಟಿ ಹೋಗಿ, ಅನಂತರ ಠಾಣೆಯಲ್ಲಿಳಿದು, ಲೋಕಲ್ ಹಿಡಿದು ನಮ್ಮತ್ತ ಹಿಂದಿರುಗತಕ್ಕದ್ದೆಂಬ ನಿಯಮವಿದೆ. ಈ ನಿಯಮವನ್ನು ಪಾಲಿಸಿ, ಎರಡು ಚೀಲ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಮತ್ತು ಅನೇಕ ಅಭಿಪ್ರಾಯಗಳೊಡನೆ ನಮ್ಮ ಅಕ್ಕ ಈಚೆಗೆ ದಯಮಾಡಿಸಿದಳು.

ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಇತಿಹಾಸವನ್ನು ಬೋಧಿಸಿ ನಿವೃತ್ತಳಾದ ಅಕ್ಕನಿಗೆ, ಮುಂಬಯಿ ಎಂಬುದು ಪರಸ್ಥಳವೇ ಅಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಸೇರಿದ್ದುವಾದುದರಿಂದ, ಈ ನಗರವು ನಮ್ಮ ಹಿರಿಯರ ರಾಜಧಾನಿ. ಏಕೀಕರಣವಾದುದು ಪರಮ ಸಂತೋಷದ ಸಂಗತಿಯೇ ಆದರೂ, ಪಾಲಾದ ಮೇಲೆ ಹಳೆಯ ಮನೆಗೆ ಬಂದು ತೊಲೆ ಜಂತೆಗಳನ್ನು ಮುಟ್ಟಿ ನೋಡುವ ಹಿರಿಯ ದಾಯಾದಿಯ ಹಕ್ಕು ಅಬಾಧಿತವಾಗಿ ಉಳಿದಿದೆ ಎಂಬುದು ಆಕೆಯ ಸಿದ್ಧಾಂತ. "ನಾವು ಬಿಟ್ಟು ಹೋದ ಮ್ಯಾಲೆ ಇವರು ಹ್ಯಾಂಗ ಇಟ್ಟುಕೊಂಡಾರ ಅಂತ ಒಮ್ಮೆ ನೋಡಬೇಕಲ್ಲೋ ತಮ್ಮಾ" ಎಂದು ಆಕೆ ಬಂದ ರಾತ್ರಿಯೇ ಅಪ್ಪಣೆ ಕೊಡಿಸಿದಳು. ನಾನೂ ನಿವೃತ್ತನೇ, ನನಗೂ ಮೊಮ್ಮಕ್ಕಳಿದ್ದಾರೆ. ಆದರೆ ಅಕ್ಕನ ಎದುರಿನಲ್ಲಿ ಇವೆರಡೂ ಗಣನೆಗೆ ಬರತಕ್ಕ ಅರ್ಹತೆಗಳಲ್ಲ.

ಶನಿವಾರ ಬೆಳಗ್ಗೆ ಮುಂಬ್ರಾದ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಲೇಡೀಸ್ ಡಬ್ಬಿಯಲ್ಲಿ ಒಬ್ಬಳೇ ಪ್ರಯಾಣ ಮಾಡಬೇಕಾದ ಆಕೆಗೆ, ಕೈಚೀಲವನ್ನು ಎದೆಗವಚಿಕೊಂಡಿರತಕ್ಕದ್ದು, ಬಾಗಿಲಿನ ಬಳಿ ನಿಲ್ಲತಕ್ಕದ್ದಲ್ಲ, ಅಪರಿಚಿತರೊಡನೆ ಮಾತಿಗಿಳಿಯತಕ್ಕದ್ದಲ್ಲ ಎಂದು ಮುಂತಾಗಿ ನಾನು ಉಪದೇಶಿಸಿದೆನು. ಪಕ್ಕದ ಡಬ್ಬಿಯಲ್ಲಿ, ಒಬ್ಬನ ಮೊಣಕೈಗೂ ಇನ್ನೊಬ್ಬನ ಬೆನ್ನಚೀಲಕ್ಕೂ ನಡುವೆ ತೂಗುತ್ತ, ಮುಲುಂಡದಲ್ಲೊಮ್ಮೆ ಆತಂಕದಿಂದ ಫೋನು ಮಾಡಿದರೆ, "ಮಾತಾಡಲಿಕ್ಕೆ ಹತ್ತೇವಿ, ಆಮ್ಯಾಲೆ ಮಾಡು" ಎಂದು ಹೇಳಿ ಇಟ್ಟುಬಿಟ್ಟಳು. ಕೊನೆಯ ನಿಲ್ದಾಣದಲ್ಲಿ ಇಳಿದು ನೋಡಲಾಗಿ, ಹಲವು ಮಹಿಳೆಯರು ಆಕೆಯನ್ನು ಸುತ್ತುವರಿದು ಬೀಳ್ಕೊಡುತ್ತಿದ್ದರು. ಒಬ್ಬಾಕೆ ಕೊತ್ತಂಬರಿ ವಡೆಯ ವಿಧಾನವನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದಳು. ಧಾರವಾಡದ ಮರಾಠಿಯ ಬಲದಿಂದ ಅಕ್ಕ ಸಂಗ್ರಹಿಸಿದ ವಾರ್ತೆಗಳಲ್ಲಿ ಮುಖ್ಯವಾದುದೆಂದರೆ, ಅವರಲ್ಲೊಬ್ಬರು ನಮ್ಮ ಕಟ್ಟಡದಲ್ಲಿಯೇ, ನಮ್ಮ ತಲೆಯ ಮೇಲಿನ ಅಂತಸ್ತಿನಲ್ಲಿಯೇ ವಾಸಿಸುತ್ತಾರೆಂಬುದು, ಅವರ ಮಗಳ ಮದುವೆ ನಿಶ್ಚಯವಾಗಿದೆ ಎಂಬುದು, ಮತ್ತು ನಾವು ಸಕುಟುಂಬವಾಗಿ ಹೋಗುವುದಾಗಿ ಆಕೆ ಮಾತು ಕೊಟ್ಟಿದ್ದಾಳೆ ಎಂಬುದು.

ಪಾಠ ಆರಂಭವಾದುದು ಅದೇ ಪ್ಲಾಟ್‌ಫಾರ್ಮಿನಲ್ಲಿ. 1853ರ ಏಪ್ರಿಲ್ 16ರಂದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್ನುಗಳು 14 ಗಾಡಿಗಳನ್ನೂ ಅವುಗಳಲ್ಲಿ ಕುಳಿತ ಸುಮಾರು 400 ಅತಿಥಿಗಳನ್ನೂ ಎಳೆದುಕೊಂಡು, ಇಪ್ಪತ್ತೊಂದು ತೋಪುಗಳ ಗೌರವದೊಡನೆ, ಇದೇ ಬೋರಿಬಂದರದಿಂದ ಠಾಣೆಯವರೆಗಿನ 34 ಕಿಲೋಮೀಟರುಗಳನ್ನು ಕ್ರಮಿಸಿದುವು. ಮರುವರ್ಷವೇ ಹಳಿಯು ಕಲ್ಯಾಣದವರೆಗೆ ಬೆಳೆಯಿತು. ಇಷ್ಟನ್ನು ಜನಪ್ರವಾಹದ ನಡುವೆ ನಿಂತು ನಿರೂಪಿಸಿದ ಅಕ್ಕ, "ಎಷ್ಟು ಹೊತ್ತು ಹಿಡೀತು?" ಎಂದು ನನ್ನನ್ನು ಕೇಳಿದಳು. ನಾನು ಪಾದರಕ್ಷೆಗಳನ್ನು ನೋಡತೊಡಗಿದೆನು. "ಐವತ್ತೇಳು ನಿಮಿಷ. ಇವತ್ತು ನಿನ್ನ ಗಾಡಿ ಠಾಣೆದಿಂದ ಇಲ್ಲಿಗೆ ಎಷ್ಟು ಹೊತ್ತು ತೊಗೊಂತು?" ಹೆಚ್ಚು ಕಡಿಮೆ ಒಂದು ತಾಸು ಎಂದು ಒಪ್ಪಿಕೊಂಡು, ಇದು ಸ್ಲೋ ಲೋಕಲ್, ದಾರಿಯ ನಿಲ್ದಾಣಗಳಲ್ಲೆಲ್ಲ ನಿಲ್ಲುತ್ತದೆ ಎಂದು ನಾನು ವಿವರಿಸಹೋದರೆ, "ಉತ್ತರ ಕೇಳಿದೆ, ಕಾರಣ ಕೇಳಲಿಲ್ಲ" ಎಂದು ನಡೆದುಬಿಟ್ಟಳು.

ವಾಸ್ತುಶಿಲ್ಪಿ ಸ್ಟೀವನ್ಸನ ವಿನ್ಯಾಸದಂತೆ 1878ರಲ್ಲಿ ಆರಂಭವಾಗಿ, ದಶಕವೊಂದನ್ನು ನುಂಗಿ ಪೂರ್ಣಗೊಂಡು, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ನಿಲ್ದಾಣದ ಮಂದಿರವನ್ನು, ಉದ್ಯೋಗದ ಕಾಲದುದ್ದಕ್ಕೂ ನಾನು ಪ್ರತಿನಿತ್ಯ ಹಾದುಹೋದವನು; ಆದರೆ ಅಲ್ಲಿ ನನ್ನ ದೃಷ್ಟಿ ಗಡಿಯಾರದಿಂದ ಇಂಡಿಕೇಟರಿಗೆ, ಇಂಡಿಕೇಟರಿನಿಂದ ಖಾಲಿ ಆಸನಕ್ಕೆ ಚಲಿಸುವುದಲ್ಲದೆ ಬೇರೆ ದಾರಿಯನ್ನರಿಯದು. ಅಕ್ಕನು ರಸ್ತೆಯಾಚೆ ನಿಲ್ಲಿಸಿ, ಮಹಾದ್ವಾರದ ಕಂಬಗಳ ಮೇಲೆ ಒಂದು ಕಡೆ ಸಿಂಹವೂ ಇನ್ನೊಂದು ಕಡೆ ಹುಲಿಯೂ ಕುಳಿತಿರುವುದನ್ನು ತೋರಿಸಿ, ಸಿಂಹವು ಬ್ರಿಟನ್ನಿನ ಮತ್ತು ಹುಲಿಯು ಭಾರತದ ಪ್ರತೀಕವೆಂದು ತಿಳಿಸಿದಳು. "ಸಿಂಹ ಊರಿಗೆ ಹೋಗಿ ಎಷ್ಟೋ ವರ್ಷ ಆತು, ಇನ್ನೂ ಇಲ್ಲೇ ಕೂತದ ನೋಡು" ಎಂದು ಆಕೆ ನುಡಿದುದು ವ್ಯಾಖ್ಯಾನವೋ ಆಕ್ಷೇಪವೋ ಎಂದು ನಾನು ನಿರ್ಣಯಿಸುವಷ್ಟರಲ್ಲಿ, ಟ್ಯಾಕ್ಸಿ ನಿಂತಿತ್ತು.

ಆಕೆಯ ನಿಜವಾದ ಗುರಿ ಓವಲ್ ಮೈದಾನದ ಬಳಿಯ ರಾಜಾಬಾಯಿ ಗಡಿಯಾರ ಗೋಪುರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಸ್ಥಾಪಿತವಾಗುವ ಮೊದಲು, 1917ರಲ್ಲಿ ತೆರೆದ ಕರ್ನಾಟಕ ಕಾಲೇಜು ಮುಂಬಯಿ ವಿಶ್ವವಿದ್ಯಾಲಯದ ಆಶ್ರಯದಲ್ಲಿತ್ತು; ಅಲ್ಲಿ ಓದಿದ ನಮ್ಮ ತಂದೆಯವರ ಬಿ.ಎ. ಪದವಿಪತ್ರವು ಕಟ್ಟು ಹಾಕಿಸಿಕೊಂಡು ಪಡಸಾಲೆಯಲ್ಲಿ ದೇವರ ಪಟಗಳ ಸಾಲಿನಲ್ಲಿಯೇ ತೂಗುತ್ತಿತ್ತು, ಮತ್ತು ನಾವು ಕಡಿಮೆ ಅಂಕ ತಂದ ದಿನಗಳಲ್ಲಿ ನಮ್ಮನ್ನು ಅದರ ಕೆಳಗೆ ನಿಲ್ಲಿಸುವ ಪದ್ಧತಿಯಿತ್ತು. ಆ ವಿಶ್ವವಿದ್ಯಾಲಯದ 85 ಮೀಟರು ಎತ್ತರದ ಗೋಪುರವನ್ನು ಕಂಡೊಡನೆ ಅಕ್ಕನು ಕಾಲುದಾರಿಯಲ್ಲಿಯೇ ಚಪ್ಪಲಿ ಕಳಚಿ, ಕಣ್ಣು ಮುಚ್ಚಿ, ಕೈ ಜೋಡಿಸಿ ನಿಂತಳು. ಅವಸರದಿಂದ ಬರುತ್ತಿದ್ದ ಯುವಕನೊಬ್ಬನು ಆಕೆಯನ್ನು ನೋಡಿ, ಗೋಪುರವನ್ನು ನೋಡಿ, ತಾನೂ ಒಂದು ಕ್ಷಣ ಕೈಮುಗಿದು ಮುನ್ನಡೆದನು. ಕಾರಣವನ್ನು ವಿಚಾರಿಸುವಷ್ಟು ಕಾಲ ಮುಂಬಯಿಕರನಿಗಿಲ್ಲ, ಕೈಮುಗಿಯುವಷ್ಟು ಅವಶ್ಯವಾಗಿ ಇದೆ.

ಪ್ರಸಿದ್ಧ ವರ್ತಕನಾದ ಪ್ರೇಮಚಂದ ರಾಯಚಂದನು ತನ್ನ ತಾಯಿ ರಾಜಾಬಾಯಿಯ ಹೆಸರು ಉಳಿಯಲೆಂದು ಹಣ ಕೊಟ್ಟುದರಿಂದ 1878ರಲ್ಲಿ ಈ ಗೋಪುರ ಪೂರ್ಣವಾಯಿತೆಂದು ತಿಳಿಸಿದ ಅಕ್ಕ, "ತಾಯಿ ಹೆಸರಿಲೆ ಕಟ್ಟಿಸಿದವರು ಇದ್ದಾರ. ಅಕ್ಕನ ಹೆಸರಿಲೆ ಕಟ್ಟಿಸಿದವರು ಯಾರರ ಇದ್ದಾರೇನು?" ಎಂದು ನನ್ನ ಕಡೆಗೆ ತಿರುಗಿದಳು. ಮುಂಬ್ರಾದ ಒಂದು ಕೋಣೆ, ಒಂದು ಪಡಸಾಲೆಯ ಮನೆಯ ಕಂತುಗಳನ್ನು ಈಚೆಗಷ್ಟೇ ತೀರಿಸಿದ ನಾನು, ಗೇಟ್‌ವೇಗೆ ಹೊತ್ತಾಗುತ್ತದೆಂದು ಜ್ಞಾಪಿಸಿದೆನು.

ಗೇಟ್‌ವೇ ಆಫ್ ಇಂಡಿಯಾದ ಇತಿಹಾಸವನ್ನು ಅಕ್ಕ ಅತ್ಯಲ್ಪ ವಾಕ್ಯಗಳಲ್ಲಿ ಮುಗಿಸಿದಳು. ಐದನೆಯ ಜಾರ್ಜ್ ದೊರೆ 1911ರ ಡಿಸೆಂಬರಿನಲ್ಲಿ ಬಂದಿಳಿದಾಗ ಇದ್ದುದು ರಟ್ಟಿನ ಮಾದರಿ. ಕಲ್ಲಿನ ಕಟ್ಟಡ ಪೂರ್ಣವಾಗಿ ಲೋಕಾರ್ಪಣೆಯಾದುದು 1924ರ ಡಿಸೆಂಬರ್ 4ರಂದು. 1948ರ ಫೆಬ್ರುವರಿ 28ರಂದು ಬ್ರಿಟಿಷರ ಕೊನೆಯ ಪಡೆ ಇದೇ ಕಮಾನಿನಡಿಯಿಂದ ಹಡಗು ಹತ್ತಿತು. "ಒಳಗ ಬರಲಿಕ್ಕೆ ಕಟ್ಟಿಸಿದರು, ಹೊರಗ ಹೋಗಲಿಕ್ಕೆ ಉಪಯೋಗ ಆತು" ಎಂದು ಆಕೆ ಉಪಸಂಹಾರ ಮಾಡಿದಳು. ಪಕ್ಕದಲ್ಲಿ ನಿಂತಿದ್ದ ಫೋಟೋ ತೆಗೆಯುವವನು, ಕನ್ನಡದ ಒಂದಕ್ಷರವೂ ತಿಳಿಯದಿದ್ದರೂ, ಆಕೆಯ ಸ್ವರದ ಗಾಂಭೀರ್ಯಕ್ಕೆ ಮಣಿದು ತಲೆದೂಗಿದನು.

ಘಾರಾಪುರಿಗೆ, ಎಂದರೆ ಎಲಿಫೆಂಟಾ ದ್ವೀಪಕ್ಕೆ, ಮೋಟಾರು ದೋಣಿಯಲ್ಲಿ ಸುಮಾರು ಒಂದು ತಾಸಿನ ಪ್ರಯಾಣ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿಯು 634ರಲ್ಲಿ ಬರೆಯಿಸಿದ ಶಾಸನವು, ಇಮ್ಮಡಿ ಪುಲಕೇಶಿಯು ನೂರಾರು ನೌಕೆಗಳಿಂದ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದುದನ್ನು ಹೇಳುತ್ತದೆಯಷ್ಟೆ. ಆ ಪುರಿಯೇ ಈ ಘಾರಾಪುರಿಯೆಂಬುದು ಕೆಲವು ವಿದ್ವಾಂಸರ ಮತ, ಅಲ್ಲವೆಂಬುದು ಬೇರೆ ಕೆಲವರದು. ಆದರೆ ಅಕ್ಕ ಆ ದೋಣಿಯಲ್ಲಿ ಕುಳಿತಿದ್ದಷ್ಟು ಹೊತ್ತು ಎರಡನೆಯ ಪಕ್ಷಕ್ಕೆ ವಕೀಲರೇ ಇರಲಿಲ್ಲ. ದ್ವೀಪದಲ್ಲಿ ಪ್ರವೇಶದ ಟಿಕೀಟು ಕೊಳ್ಳುವಾಗ, "ಗೆದ್ದವರ ಕಡೆಯವರಿಗೂ ಟಿಕೀಟೇನು?" ಎಂದು ಆಕೆ ಪಿಸುಗುಟ್ಟಿದಳು. ಗುಹೆಗಳತ್ತ ಏರುವ ನೂರಿಪ್ಪತ್ತು ಮೆಟ್ಟಿಲುಗಳ ಬುಡದಲ್ಲಿ ಡೋಲಿ ಹೊರುವವರು, ಚಟಚಟನೆ ಮೇಲೇರುತ್ತಿದ್ದ ಆಕೆಯನ್ನು ಬಿಟ್ಟು, ನೇರವಾಗಿ ನನ್ನ ಬಳಿಗೆ ಬಂದು ದರ ಹೇಳತೊಡಗಿದರೆಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಸುಮಾರು ಇಪ್ಪತ್ತು ಅಡಿ ಎತ್ತರದ ಆ ಮೂರು ಮುಖಗಳ ಶಿವನ ಸನ್ನಿಧಿಯಲ್ಲಿ ಮಾತ್ರ ಅಕ್ಕನ ಪಾಠ ನಿಂತುಹೋಯಿತು. ಬಹಳ ಹೊತ್ತಾದ ಮೇಲೆ, "ನಮ್ಮ ಬದಾಮಿ ಗವಿಯ ಮಂದಿ ಬಂದು ನೋಡಿರಬೇಕು ಇದನ್ನ, ಇಲ್ಲಾ ಇವರು ಹೋಗಿ ನೋಡಿರಬೇಕು ಅದನ್ನ" ಎಂದಷ್ಟೇ ಹೇಳಿ ಹೊರಬಂದಳು. ಹೊರಬಂದೊಡನೆ ಪ್ರಶ್ನೆಗಳು ಪುನರಾರಂಭವಾದುವು. ದ್ವೀಪಕ್ಕೆ ಪೋರ್ಚುಗೀಸರು ಈ ಹೆಸರಿಡಲು ಕಾರಣವಾದ ಕಲ್ಲಿನ ಆನೆ ಎಲ್ಲಿ? ಅದನ್ನು 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಹೋಗಿ, ಅದು ಮುರಿದು, ಜೋಡಿಸಲ್ಪಟ್ಟು, ಈಗ ಬೈಕುಲಾದ ಉದ್ಯಾನದಲ್ಲಿ ನಿಂತಿದೆ. ಮತ್ತು ಆ ಬೈಕುಲಾ ನಿಲ್ದಾಣವನ್ನು ದಿನಕ್ಕೆರಡು ಬಾರಿ ದಾಟುತ್ತಿದ್ದವನು ನಾನು! ಈ ವಿಚಾರಣೆಯ ನಡುವೆ ಕೋತಿಯೊಂದು ಮರದಿಂದಿಳಿದು ಹಿಂಡಿ ಸವರಿದ ರೊಟ್ಟಿಯ ಸುರುಳಿಯೊಂದನ್ನು ಕಸಿದು, ಒಂದೇ ತುತ್ತು ತಿಂದು, ಅಕ್ಕನ ಮುಖವನ್ನು ನಿಟ್ಟಿಸಿ ನೋಡಿ, ಉಳಿದುದನ್ನು ಕಲ್ಲಿನ ಮೇಲಿಟ್ಟು ಹೊರಟುಹೋಯಿತು. ಕಸಿದುಕೊಂಡುದಕ್ಕಾಗಿ ಆಕೆಗೆ ಕೋಪ ಬರಲಿಲ್ಲ, ಬಿಟ್ಟುಹೋದುದಕ್ಕಾಗಿ ಬಂದಿತು. "ಇಲ್ಲಿ ಮಂಗ್ಯಾಗಳಿಗೂ ಖಾರ ತಿನ್ನೋ ರೂಢಿ ತಪ್ಪೇದ" ಎಂದು ಆಕೆ ಇಡೀ ರಾಜ್ಯದ ಮೇಲೆ ತೀರ್ಪು ಕೊಟ್ಟಳು.

ಸಂಜೆ ಹಿಂದಿರುಗುವಾಗ, ಮುಂಬಯಿಯ ಕನ್ನಡಿಗನ ಕಡ್ಡಾಯ ಕ್ಷೇತ್ರವಾದ ಮಾಟುಂಗದಲ್ಲಿಳಿದೆವು. ಮೈಸೂರು ಅಸೋಸಿಯೇಷನ್ ಇಲ್ಲಿ 1926ರಿಂದಲೂ ಇದೆಯೆಂದು ನಾನು ಹೆಮ್ಮೆಯಿಂದ ಹೇಳಿದಾಗ, ಅಕ್ಕನ ಮುಖದಲ್ಲಿ ಏಕೀಕರಣಪೂರ್ವದ ಛಾಯೆಯೊಂದು ಹಾದುಹೋಯಿತು. ನಿಲ್ದಾಣದ ಎದುರಿಗೆ 1942ರಿಂದ ನಡೆದುಬಂದಿರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಮುಂದೆ ಕುಳಿತು, "ಮೈಸೂರಿನವರು ಸಂಘ ಕಟ್ಯಾರ, ಉಡುಪಿಯವರು ಹೋಟೆಲ್ ಕಟ್ಯಾರ. ಧಾರವಾಡದವರು ಏನು ಮಾಡ್ಯಾರ?" ಎಂದು ಕೇಳಿದಳು. "ಡಿಗ್ರಿ ತೊಗೊಂಡು ವಾಪಸ್ ಹೋಗ್ಯಾರ" ಎಂದೆನು. ಅಕ್ಕ ಮನಸಾರೆ ನಕ್ಕಳು. ಆ ದಿನವೆಲ್ಲ ನನಗೆ ದೊರೆತ ಏಕಮಾತ್ರ ಅಂಕವದು.

ರಾತ್ರಿ ಮುಂಬ್ರಾದ ಮನೆಯನ್ನು ಸೇರಿ, ನಾನು ಕಾಲುಗಳನ್ನು ಬಿಸಿನೀರಿನಲ್ಲಿಟ್ಟುಕೊಂಡು ಕುಳಿತಿರುವಾಗ, ಅಕ್ಕ ಧಾರವಾಡದಲ್ಲಿರುವ ಭಾವನವರಿಗೆ ಫೋನು ಹಚ್ಚಿದಳು. "ಹೂಂ, ಎಲ್ಲಾ ಆತು. ತಮ್ಮಗ ಮುಂಬೈ ತೋರಿಸಿಕೊಂಡು ಬಂದೆ ನೋಡ್ರಿ. ಪಾಪ, ಇಷ್ಟು ವರ್ಷ ಇಲ್ಲೇ ಇದ್ದರೂ ಏನೂ ನೋಡಿಲ್ಲ ಹುಡುಗ. ಇಲ್ಲ, ಕಾಟ ಕೊಡಲಿಲ್ಲ. ಮೆಟ್ಟಲ ಹತ್ತೋ ಮುಂದ ಒಂದೀಟು ದಮ್ಮು ಹತ್ತಿತು. ಮುಂದಿನ ಸಲ ಅಂಬರನಾಥದ ಗುಡಿಗೆ ಕರಕೊಂಡು ಹೋಗತೇನಿ. 1060ರದ್ದು, ಕಲ್ಯಾಣದ ಹತ್ತಿರನ ಅದ, ಅದನ್ನೂ ನೋಡಿಲ್ಲಂತ!" ಯಾರು ಯಾರಿಗೆ ಮುಂಬಯಿಯನ್ನು ತೋರಿಸಿದರೆಂಬ ವಿಷಯದಲ್ಲಿ ಆಕ್ಷೇಪವೆತ್ತಲು ನಾನು ಬಾಯಿ ತೆರೆದುದೇನೋ ನಿಜ, ಆದರೆ ಆ ಗುಡಿಯನ್ನು ಕಟ್ಟಿಸಿದ ಅರಸುಮನೆತನ ಯಾವುದೆಂದು ಆಕೆ ಫೋನು ಹಿಡಿದೇ ಕೇಳಿಬಿಟ್ಟರೆ ಗತಿಯೇನೆಂದು ಯೋಚಿಸಿ, ಆಕಳಿಕೆ ಬಂದವನಂತೆ ನಟಿಸಿ ಮುಚ್ಚಿಕೊಂಡೆನು.