ಮಹಾಜನತೆ ಮಾತನಾಡುತ್ತಿದ್ದೇನೆ

ಕರಪತ್ರದ ತಲೆಯ ಮೇಲೆ ‘ಮಹಾಜನತೆಯಲ್ಲಿ ವಿನಂತಿ’ ಎಂದು ಬರೆಯುತ್ತೀರಲ್ಲ, ಆ ಮಹಾಜನತೆ ನಾನೇ. ಎರಡು ಬೆಡ್‌ರೂಮಿನ ಮನೆ, ಇಪ್ಪತ್ತು ವರ್ಷದ ಇಎಂಐ, ಇತ್ತೀಚೆಗೆ ಮಂಡಿನೋವು. ಬಂಡವಾಳಶಾಹಿಯ ವಿರುದ್ಧ ಹೋರಾಡುವವರಿಗೆ ನನ್ನನ್ನು ಒಲಿಸಿಕೊಳ್ಳುವುದು ಹೇಗೆಂಬುದೇ ಚಿಂತೆಯಂತೆ. ಅದಕ್ಕಾಗಿ ವಿಚಾರಸಂಕಿರಣವನ್ನೂ ಮಾಡುತ್ತೀರಿ, ನನ್ನನ್ನೊಬ್ಬನನ್ನು ಬಿಟ್ಟು ಎಲ್ಲರನ್ನೂ ಕರೆಯುತ್ತೀರಿ. ಕರೆದರೂ ನಾನು ಬರುವವನಲ್ಲ, ಅದು ಬೇರೆ ಮಾತು.

ಕಂಪನಿಗಳನ್ನು ಬೈಯುವುದರಲ್ಲಿ ನನ್ನನ್ನು ಮೀರಿಸಿದವರು ನಿಮ್ಮಲ್ಲೂ ಸಿಗಲಾರರು. ಆಸ್ಪತ್ರೆಯ ಬಿಲ್ಲು, ಶಾಲೆಯ ಡೊನೇಶನ್, ನಾಲ್ಕು ಹನಿ ಬಿದ್ದ ಕೂಡಲೇ ದುಪ್ಪಟ್ಟಾಗುವ ಕ್ಯಾಬ್ ದರ, ಪೊಟ್ಟಣ ಅಷ್ಟೇ ಇದ್ದು ಒಳಗೆ ಸೊರಗುತ್ತಿರುವ ಬಿಸ್ಕತ್ತು. ಬೆಳಗಿನ ವಾಕಿಂಗ್‌ನಲ್ಲಿ ನಾವು ನಾಲ್ವರು ದಿನಕ್ಕೊಂದು ಕ್ರಾಂತಿ ಮುಗಿಸಿ, ಕಾಫಿ ಕುಡಿದು ಮನೆ ಸೇರುತ್ತೇವೆ. ನೀವು ಬಂದು ಇದಕ್ಕೆಲ್ಲ ‘ನವಉದಾರವಾದಿ ಹಣಕಾಸು ಬಂಡವಾಳದ ಬಿಕ್ಕಟ್ಟು’ ಎಂದು ನಾಮಕರಣ ಮಾಡಿದಿರಿ ನೋಡಿ, ಅಂದಿನಿಂದ ಅದು ನನ್ನ ಕಷ್ಟವಾಗಿ ಉಳಿಯಲಿಲ್ಲ, ನಿಮ್ಮ ಸಿಲಬಸ್ ಆಯಿತು.

ರೈತಸಂಘ ಕಟ್ಟಿದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರೂ ಪಾಠ ಹೇಳುತ್ತಿದ್ದವರೇ, ಅದೂ ಕಾನೂನಿನ ಪಾಠ. ಗ್ಯಾಟ್ ಒಪ್ಪಂದ, ಡಂಕೆಲ್ ಪ್ರಸ್ತಾವ ಎಂದು ಗಂಟೆಗಟ್ಟಲೆ ಕೊರೆಯುವ ಯೋಗ್ಯತೆ ಅವರಿಗಿತ್ತು. ಆದರೆ ಹಳ್ಳಿಗೆ ಹೋಗಿ ಮುಟ್ಟಿದ್ದು ಒಂದೇ ಪದ: ಬೀಜ. ನಿನ್ನ ಹೊಲದಲ್ಲಿ ಬೆಳೆದದ್ದನ್ನು ಬಿತ್ತನೆಗೆ ಎತ್ತಿಡಲು ಇನ್ನು ಕಂಪನಿಯ ಅಪ್ಪಣೆ ಬೇಕೇ ಎಂದರೆ, ಡಂಕೆಲ್ ಯಾರು, ಯಾವ ಊರಿನವನು ಎಂದು ತಿಳಿಯದವನೂ ಹಸಿರು ಶಾಲು ಹೆಗಲಿಗೆ ಹಾಕಿಕೊಂಡು ಲಾರಿ ಹತ್ತುತ್ತಾನೆ. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಡತಗಳು ಬೀದಿಗೆ ಬಿದ್ದದ್ದು ಹಾಗೆ.

ಆಮೇಲೆ ಕೋಳಿ ಬಂತು. 1995ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ಬಾಗಿಲು ತೆರೆದಾಗ ಬಹುರಾಷ್ಟ್ರೀಯ ಬಂಡವಾಳವನ್ನು ಮೊದಲು ತಡವಿದ್ದು ರೈತರಲ್ಲ, ನಗರಪಾಲಿಕೆ! ಅಜಿನೊಮೊಟೊ ಜಾಸ್ತಿಯಾಗಿದೆ ಎಂದು ಬೀಗ ಜಡಿದರು, ಕೋರ್ಟು ತೆಗೆಸಿತು. (ನಮ್ಮ ದರ್ಶಿನಿಗಳ ಗೋಬಿಗೆ ಎಷ್ಟು ಬೀಳುತ್ತಿತ್ತೆಂದು ಯಾರೂ ಅಳೆಯಲಿಲ್ಲ.) 1996ರ ಜನವರಿ 30ರಂದು, ಹುಡುಕಿ ಹುಡುಕಿ ಗಾಂಧೀಜಿ ತೀರಿಕೊಂಡ ದಿನವೇ, ರೈತಸಂಘದವರು ನುಗ್ಗಿ ಗಾಜು ಪುಡಿ ಮಾಡಿದರು. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಆ ಗಾಜು. ಬೀಜದ ವಿಷಯ ಯಾರಾದರೂ ಹೇಳಿದರೆ ಮಾತ್ರ ನೆನಪಾಗುತ್ತದೆ. ಆ ಕೋಳಿಯಂಗಡಿ ಈಗ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೂ ಇದೆ, ಭಾನುವಾರ ಕೂರಲು ಜಾಗ ಸಿಗುವುದಿಲ್ಲ.

ಇನ್ನು ನನ್ನ ಷರತ್ತುಗಳು. ಹೋರಾಟಗಾರ ಬಡವನಾಗಿರಬೇಕು, ಬಡವನಂತೆ ಕಾಣಲೂಬೇಕು. ಕೈಯಲ್ಲಿ ಒಳ್ಳೆಯ ಫೋನ್ ಕಂಡರೆ ಅವನು ನಾಟಕದವನು. 2020ರ ಚಳಿಗಾಲದಲ್ಲಿ ದೆಹಲಿಯ ಸಿಂಘು ಗಡಿಯಲ್ಲಿ ಧರಣಿ ಕೂತ ರೈತರ ಲಂಗರ್ ಪಂಕ್ತಿಯಲ್ಲಿ ಪಿಜ್ಜಾ ಹಂಚಿದಾಗ ಸೋಫಾದಲ್ಲಿ ಒರಗಿ ಪಿಜ್ಜಾ ತಿನ್ನುತ್ತಿದ್ದ ನಾನು ಎಷ್ಟು ನೊಂದುಕೊಂಡೆ! ರೈತರಿಗೆ ಪಿಜ್ಜಾವೇ? ಅದರ ಹಿಟ್ಟು ಅವರು ಬೆಳೆದ ಗೋಧಿಯದೇ ಅಲ್ಲವೇನ್ರೀ ಎಂದಳು ಹೆಂಡತಿ. ಟೀವಿಯ ಸದ್ದು ಜಾಸ್ತಿ ಮಾಡಿದೆ. ಆದರೆ ಒಂದು ಒಪ್ಪುತ್ತೇನೆ, ಬಂದವರಿಗೆಲ್ಲ, ಕಾವಲಿಗಿದ್ದ ಪೊಲೀಸರಿಗೂ ಬಡಿಸುವವರನ್ನು ಬಹಳ ದಿನ ದೇಶದ್ರೋಹಿಗಳೆನ್ನಲು ನಾಲಿಗೆ ಏಳುವುದಿಲ್ಲ. ಮುಂದಿನ ವರ್ಷದ ನವೆಂಬರ್ 19ಕ್ಕೆ ಮೂರೂ ಕೃಷಿ ಕಾಯ್ದೆ ವಾಪಸ್ಸೆಂದು ಪ್ರಧಾನಿಯೇ ಹೇಳಿದರು. ನಾನು ಮೊದಲಿನಿಂದಲೂ ರೈತರ ಪರ ಎಂದು ಅಂದೇ ಸಂಜೆ ಎಲ್ಲರಿಗೂ ತಿಳಿಸಿದೆ.

ಎರಡನೆಯ ಷರತ್ತು, ನನ್ನ ದಾರಿಗೆ ಅಡ್ಡ ಬರಬಾರದು. ಇದನ್ನು ಸರ್ಕಾರ ಆಗಲೇ ನೆರವೇರಿಸಿದೆ. 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಕೂಗುವುದಿದ್ದರೆ ಫ್ರೀಡಂ ಪಾರ್ಕಿನಲ್ಲೇ ಕೂಗಬೇಕು. ಅದು ಹಳೆಯ ಸೆಂಟ್ರಲ್ ಜೈಲು, ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಕೂಡಿಹಾಕಿದ್ದ ಜಾಗ. ಹಿಂದೆಲ್ಲ ಪ್ರತಿಭಟಿಸಿದವರನ್ನು ವ್ಯಾನಿಗೆ ತುಂಬಿ ಜೈಲಿಗೆ ಸಾಗಿಸುವ ಖರ್ಚಿತ್ತು. ಈಗ ಅವರೇ ಬಸ್ಸು ಹಿಡಿದು ಬರುತ್ತಾರೆ.

ಮೊನ್ನೆ ಆ ಪಾರ್ಕಿನ ಮುಂದಿನ ಶೇಷಾದ್ರಿ ರಸ್ತೆಯಲ್ಲೇ ಸಿಕ್ಕಿಹಾಕಿಕೊಂಡೆ. ‘ನಮ್ಮ ಯಾತ್ರಿ’ಯಲ್ಲಿ ಹಿಡಿದ ಆಟೊ. 2022ರಲ್ಲಿ ಚಾಲಕರ ಯೂನಿಯನ್ನೇ ಕೈಜೋಡಿಸಿ ತಂದ, ಕಮಿಷನ್ ಇಲ್ಲದ ಆಪ್ ಅದು. ನಾನು ಹಾಕಿಕೊಂಡದ್ದು ಶ್ರಮಿಕರ ಮೇಲಿನ ಪ್ರೀತಿಗಲ್ಲ, ಆಟೊ ಬೇಗ ಸಿಗುತ್ತದೆಂದು. ಒಂದೇ ಒಂದು ಘೋಷಣೆ ಕೂಗದೆ ನನ್ನನ್ನು ಒಲಿಸಿಕೊಂಡ ಏಕೈಕ ಚಳವಳಿ. 2024ರಲ್ಲಿ ಗೂಗಲ್ಲೂ ಒಲಿದು ದುಡ್ಡು ಹೂಡಿತು.

ಕೆ.ಆರ್. ಸರ್ಕಲ್ಲಿನಿಂದ ಡ್ರೈವರ್ ಒಂದೇ ಸಮನೆ ದೊಡ್ಡ ಕಂಪನಿಗಳ ಆಪ್‌ಗಳನ್ನು ಬೈಯುತ್ತಿದ್ದ. “ಗಾಡಿ ನಮ್ದು, ಗ್ಯಾಸು ನಮ್ದು, ಬೆನ್ನುನೋವೂ ನಮ್ದೇ. ಎಲ್ಲೋ ಕೂತು ಕಮಿಷನ್ ಹೊಡ್ಯೋನು ಯಾವನ್ ಸಾರ್?” ಕಾರ್ಲ್ ಮಾರ್ಕ್ಸ್ ಮೂರು ಸಂಪುಟ ಬರೆದದ್ದು ಅಷ್ಟರಲ್ಲಿ ಮುಗಿದಿತ್ತು. ಪಾರ್ಕಿನ ಮುಂದೆ ಗಾಡಿ ನಿಂತಿತು. ಇಪ್ಪತ್ತು ಮೂವತ್ತು ಜನ, ಒಂದು ಕೆಂಪು ಬ್ಯಾನರ್.

“ಏನಂತೆ ಸಾರ್ ಅವ್ರುದು?”

ಕನ್ನಡಕ ಸರಿಪಡಿಸಿಕೊಂಡು ಓದಿ ಹೇಳಿದೆ: “ವೇದಿಕೆ ಬಂಡವಾಳಶಾಹಿಗೆ ಧಿಕ್ಕಾರ.”

“ವೇದಿಕೆನಾ? ಯಾವ್ ವೇದಿಕೆ, ರಕ್ಷಣಾ ವೇದಿಕೆನಾ?”

“ಇಲ್ಲಪ್ಪ, ಆಪ್ ಕಂಪನಿಗಳನ್ನ...” ಎನ್ನುವಷ್ಟರಲ್ಲಿ ಹಿಂದಿನ ಬಸ್ಸಿನವನು ಅಬ್ಬರಿಸಿದ. ನಮ್ಮ ಡ್ರೈವರ್ ತಾನೂ ಉದ್ದಕ್ಕೆ ಹಾರ್ನ್ ಒತ್ತಿ, ಬ್ಯಾನರ್ ಹಿಡಿದವರ ಕಡೆ ಕತ್ತು ಚಾಚಿ ಕೂಗಿದ: “ಮಾಡಕ್ಕೆ ಬೇರೆ ಕೆಲಸ ಇಲ್ವೇನ್ರೋ?”