ಏಕಾಂತದ ರಾಮಯ್ಯನೂ ಎರಡು ಎಂಬಿಯೂ

ಪಾಠಗಳನ್ನೆಲ್ಲ ವಿಡಿಯೊ ಮಾಡಿ ಕೋರ್ಸ್ ತಾಣಕ್ಕೆ ಏರಿಸಬೇಕೆಂದು 2020ರಲ್ಲಿ ವಾಟ್ಸಾಪ್ ಗುಂಪಿಗೆ ಸಂದೇಶ ಬಂತಲ್ಲ, ಅವತ್ತಿನಿಂದ ನನ್ನ ದನಿ ನನಗೇ ಇಂಪಾಗಿ ಕೇಳತೊಡಗಿತು. ಕಡೆಯ ಬೆಂಚಿನವರ ಆಕಳಿಕೆ ನೋಡುತ್ತಲೇ ಹಳಗನ್ನಡ ಹೇಳಿಕೊಂಡು ಬಂದವನಿಗೆ, ಆಕಳಿಕೆಯೇ ಕಾಣದ ತರಗತಿ ಸಿಕ್ಕರೆ ಕೇಳಬೇಕೆ? ಅರ್ಥಶಾಸ್ತ್ರದವರು ನಾಲ್ಕು ಸ್ಲೈಡು ಏರಿಸಿ ಕೈತೊಳೆದುಕೊಂಡರು. ನಾನು ಕ್ಷೌರಕ್ಕೆ ಹೋದೆ.

ಜೇವರ್ಗಿಯಲ್ಲೇ ಬಾಡಿಗೆಗಿದ್ದು ಇದೇ ಊರಿನ ಷಣ್ಮುಖಸ್ವಾಮಿಯ ವಚನ ಆರಿಸಿಕೊಂಡಿದ್ದರೆ ಇಷ್ಟು ರಕ್ತಪಾತವಾಗುತ್ತಿರಲಿಲ್ಲ. ನನಗೆ ಬೇಕಾದದ್ದು ಆಳಂದದ ಏಕಾಂತದ ರಾಮಯ್ಯ. ಆಗಿನ ಹೆಸರು ಆಳಂದೆ, ಹನ್ನೆರಡನೆಯ ಶತಮಾನ. ಪಣ ಕಟ್ಟಿ, ತಲೆ ಕಡಿದು ಶಿವನಿಗೊಪ್ಪಿಸಿ, ಏಳನೆಯ ದಿನ ಅದನ್ನು ಮರಳಿ ಪಡೆದ. ಬಿಜ್ಜಳನ ಕೈಯಿಂದ ಜಯಪತ್ರವನ್ನೂ ಪಡೆದ. ಹರಿಹರ ರಗಳೆ ಬರೆದ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯ ಶಾಸನ ಕತೆಯನ್ನು ಸವಿಸ್ತಾರವಾಗಿ ಹೇಳುತ್ತದೆ. ಅಭಿನಯಕ್ಕೆ ಇದಕ್ಕಿಂತ ಅವಕಾಶ ಇನ್ನೆಲ್ಲಿ?

ಎರಡು ತೊಗರಿ ಚೀಲ, ಅವುಗಳ ಮೇಲೆ ಗದಾಯುದ್ಧ, ಅದಕ್ಕೆ ಆನಿಸಿ ಮೊಬೈಲು. "ನೀವು ಒದರೋದು ಮುಗಿಯೋತನಕ ಕುಕ್ಕರ್ ಇಡಬಾರದೇನ್ರಿ?" ಎಂದು ಒಳಗಿನಿಂದ ದನಿ ಬಂತು. ಕಲಾವಿದನಿಗೆ ಮೌನ ಬೇಕೆಂದೆ.

ಮುಗಿಸಿ, ಬೆವರೊರೆಸಿಕೊಂಡು ನೋಡಿದರೆ, ವಿಡಿಯೊದಲ್ಲಿ ನನಗೆ ತಲೆಯಿಲ್ಲ. ಚೀಲದೊಳಗಿನ ತೊಗರಿ ಕುಸಿದಿತ್ತೋ, ಗದಾಯುದ್ಧ ಜಾರಿತ್ತೋ, ಅಂಗಿಯ ಕಾಲರಿಗೇ ಚೌಕಟ್ಟು ಮುಗಿದಿತ್ತು. ದನಿ ಮಾತ್ರ ಗಂಟೆಯಂತೆ ಕೇಳುತ್ತಿದೆ. ಕಾಲರಿನ ಕೆಳಗೆ ಎರಡು ಕೈ ಆವೇಶದಿಂದ ಆಡುತ್ತಿವೆ. ಪಣದ ಓಲೆ ಬರೆಯುವಾಗ ಕೈ ಬರೆಯಿತು. ಕತ್ತಿ ಹಿರಿಯುವಾಗ ಹಿರಿಯಿತು. ಕಡಿಯುವ ಹೊತ್ತಿಗೆ ಬಲಗೈ ಸರ್ರನೆ ಮೇಲಕ್ಕೆ ಹೋಗಿ ಕಾಣದಾಯಿತು. ತುಸು ಹೊತ್ತಿನ ಮೇಲೆ, ಆದ ಕೆಲಸ ಆಯಿತೆಂಬಂತೆ ಸಾವಕಾಶ ಕೆಳಗಿಳಿದು ಎಡಗೈ ಜೊತೆಗೂಡಿ ಶಿವನಿಗೆ ಏನನ್ನೋ ಒಪ್ಪಿಸಿತು. ಆಮೇಲೆ ಏಳು ದಿನ. ಮೊದಲ ದಿನ, ಎರಡನೆಯ ದಿನ ಎಂದು ರುಂಡವಿಲ್ಲದ ಮುಂಡ ಬೆರಳು ಮಡಿಸುತ್ತ ಎಣಿಸಿತು. ಏಳನೆಯ ಬೆರಳು ಮಡಿಸುವಾಗ ಟಿಪ್ಪಣಿಯ ಹಾಳೆ ನೆಲಕ್ಕೆ ಬಿತ್ತು. ನಾನು ಬಗ್ಗಿದೆ. ಚೌಕಟ್ಟಿನ ಮೇಲಂಚಿನಿಂದ ಮೊದಲು ಬೋಳು ನೆತ್ತಿ, ಆಮೇಲೆ ಜಾರುವ ಕನ್ನಡಕ, ಕೊನೆಗೆ ಹಾಳೆ ಸಿಕ್ಕ ಸಂತೋಷಕ್ಕೆ ಅರಳಿದ ಮುಖ ಇಳಿದುಬಂತು. ಅದೇ ಕ್ಷಣಕ್ಕೆ ಬಾಯಿ, "ಕಲೆಯೂ ಉಳಿಯದಂತೆ ತಲೆ ಬಂದು ಕೂಡಿತು!" ಎಂದಿತು. ಇನ್ನೊಮ್ಮೆ ಮಾಡು ಎಂದರೆ ಜನ್ಮದಲ್ಲಿ ಮಾಡಲಾರೆ. ಮರುಗಳಿಗೆಯೇ ನೆಟ್ಟಗೆ ನಿಂತುಕೊಂಡು, ಶಿವ ಕೊಟ್ಟದ್ದನ್ನು ಶಿವನಿಗೇ ಹಿಂತಿರುಗಿಸಿದ್ದೆ.

ಅಳಿಸಬೇಕಿತ್ತು. ಅಳಿಸಲಿಲ್ಲ, ಹತ್ತಾರು ಸಲ ನೋಡಿದೆ.

ತಾಣಕ್ಕೆ ಹಾಕಹೋದರೆ ಕಡತ 2 ಎಂಬಿ ಮೀರಬಾರದೆಂದಿತು. ಇಂಥ ತಾಣಗಳನ್ನು ಕಟ್ಟುವ ಪಿಎಚ್‌ಪಿ ಭಾಷೆ ಹುಟ್ಟಾ ಇಟ್ಟುಕೊಂಡಿರುವ ಮಿತಿಯೇ ಅಷ್ಟಂತೆ. ತಾಣ ನೋಡಿಕೊಳ್ಳುವವರು ಏರಿಸಿದರೆ ಏರುತ್ತದೆ. ಅವರು ಫೋನೇ ಎತ್ತಲಿಲ್ಲ. ಇತ್ತ ನನ್ನ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊಗೇ ನೂರು ಎಂಬಿ ಬೇಕು. ಕುಗ್ಗಿಸುವ ಆ್ಯಪಿಗೆ ಕೊಟ್ಟೆ. ಉಳಿದಿದ್ದ ಮುಂಡವೂ ಚೌಕ ಚೌಕವಾಗಿ ಒಡೆಯಿತು. ಕಡೆಗೆ ನಮ್ಮ ಅತಿಥಿ ಉಪನ್ಯಾಸಕ ಹುಡುಗ ಯೂಟ್ಯೂಬಿಗೆ ಹಾಕಿ, ಕೊಂಡಿಯನ್ನಷ್ಟೇ ತಾಣದಲ್ಲಿ ಅಂಟಿಸಿಕೊಟ್ಟ. ತಿಂಗಳುಗಟ್ಟಲೆ ಗೌರವಧನ ಕಾಣದವನು ತನ್ನ ಡೇಟಾ ಸುಟ್ಟು ನನ್ನ ಕೆಲಸ ಮಾಡಿದ. ಪ್ರಮಾಣಪತ್ರ ಬಂದದ್ದು ನನ್ನ ಹೆಸರಿಗೆ.

"ಸರ, ಗ್ರಾಫಿಕ್ಸ್ ಭಾರಿ ಮಾಡೀರಿ," ಎಂದು ಹುಡುಗರು ಬರೆದರು. ನಾನು ಎರಡು ಕೈ ಮುಗಿದ ಚಿತ್ರ ಕಳಿಸಿ ಸುಮ್ಮನಾದೆ.

ಅಫಜಲಪುರದ ಕಡೆಯ ಹುಡುಗಿಯೊಬ್ಬಳು ಮಾತ್ರ ಏನೂ ನೋಡಿರಲಿಲ್ಲ. ಹಾಜರಿ ಪಟ್ಟಿಯಲ್ಲಿ ಕೆಂಪು ಗುರುತು ಕಂಡು ಕಟುವಾಗಿಯೇ ಸಂದೇಶ ಹಾಕಿದೆ. ಅಕ್ಟೋಬರ್ ತಿಂಗಳು ಅದು. ಮಹಾರಾಷ್ಟ್ರದ ಉಜನಿಯಿಂದ ಬಿಟ್ಟ ನೀರು ಭೀಮೆಯ ದಂಡೆಯ ಹಳ್ಳಿಗಳಿಗೆ ನುಗ್ಗಿತ್ತು. "ಕಾಳಜಿ ಕೇಂದ್ರದಾಗ ಇದ್ದೀವ್ರಿ ಸರ. ಚಾರ್ಜಿಗಿ ಹಚ್ಚಲಾಕ ಎಲ್ಲರಿಗೂ ಒಂದೇ ಬೋರ್ಡ್ ಅದ. ವಿಡಿಯೊ ತೆರೀವಲ್ದು." ತಾಲ್ಲೂಕಿನ ಹೆಸರು ಗೊತ್ತಿತ್ತು, ನದಿಯ ಸುದ್ದಿ ಗೊತ್ತಿತ್ತು; ಕೆಂಪು ಗುರುತು ಕಂಡ ಕಣ್ಣಿಗೆ ಎರಡೂ ಸೇರಿ ಕಂಡಿರಲಿಲ್ಲ.

ಆಗ ಆಡಿಯೊ ನೆನಪಾಯಿತು. ಚಿತ್ರ ಕಿತ್ತು ದನಿಯಷ್ಟೇ ಉಳಿಸಿದರೆ ನಾಲ್ಕು ನಿಮಿಷದ ತುಂಡು ಎರಡು ಎಂಬಿಯೊಳಗೆ ಕೂರುತ್ತದೆ. ಎಷ್ಟೋ ಕಾಲೇಜುಗಳ ಕೋರ್ಸ್ ತಾಣಗಳು ನಡೆಯುವುದು ಮೂಡಲ್ ಎಂಬ ತಂತ್ರಾಂಶದ ಮೇಲೆ. ಅದನ್ನು 2002ರಲ್ಲಿ ಹೊರತಂದ ಆಸ್ಟ್ರೇಲಿಯದ ಮಾರ್ಟಿನ್ ಡೂಗಿಯಾಮಾಸ್ ಮರುಭೂಮಿಯ ಊರಲ್ಲಿ ಕೂತು ರೇಡಿಯೊದಲ್ಲೇ ಶಾಲೆ ಕಲಿತವನು. ನನಗೋ ಮುಖ ತೋರಿಸುವ ಚಪಲ. ತುಂಡು ತುಂಡಾಗಿ ಕಳಿಸಿದೆ.

ಮರುದಿನ ಆ ಹುಡುಗಿಯೇ ಬೇರೆ ಯಾರದೋ ಫೋನಿನಿಂದ ಮಾಡಿದಳು. "ಸರ, ಎಲ್ಲಾರೂ ಸುತ್ತ ಕುಂತು ಕೇಳಲಾಕತ್ತಿದ್ವಿರಿ. ತಲಿ ಕಡ್ಕೊಂಡಲ್ಲಿಗಿ ಚಾರ್ಜ್ ಮುಗೀತು. ಇಲ್ಲೊಬ್ಬಾಕಿ ಆಯಿ ರಾತ್ರಿಯಿಂದ ಬಿಡವಲ್ಲಳ್ರಿ, ನೀವೇ ಹೇಳ್ರಿ."

ಹೇಳಿದೆ. ಪಾತ್ರೆ ಸದ್ದು, ಕೂಸಿನ ಅಳು ದಾಟಿ, ಏಳು ದಿನವನ್ನೂ ಎಣಿಸಿ, ತಲೆ ತಂದು ಕೂಡಿಸಿದೆ. ಆ ಕಡೆಯ ಮುದಿ ದನಿ ಕ್ಷಣ ಯೋಚಿಸಿತು.

"ಮಾಸ್ತರ, ತಲಿ ಬಂತಂತ ನಿನಗ ಯಾರು ಹೇಳ್ಯಾರ?"

"ಅಬ್ಬಲೂರಾಗ ಶಾಸನ ಅದ ಆಯಿ. ಕಲ್ಲಿನ ಮ್ಯಾಲ ಬರ್ದಾರ."

"ಕಲ್ಲಿನ ಮ್ಯಾಲ ಬರ್ದಾರೇನು? ಹಂಗಾದ್ರ ಖರೆ ಇರಬೇಕು. ಇಡಪ್ಪ ಫೋನು, ಚಾರ್ಜ್ ಮುಗೀತದ."